ನಮ್ಮೂರ ಸಾಲಿಯ ಶಾಣ್ಯಾ ಮಕ್ಕಳು

(ಸಂಘದ ರಜತ ಮಹೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಊರಿನ ನಿವೃತ್ತ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂಭ್ರಮದಲ್ಲಿ ನಮ್ಮಂಥ ನಿವೃತ್ತ ಮಾಸ್ತರರನ್ನು ನೆನೆಸಿ ಕರೆದದ್ದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇವೆ. ಕಾರ್ಯದರ್ಶಿಗಳು ಮನೆಗೆ ಬಂದು, "ಶಿಕ್ಷಣದ ಬಗ್ಗೆ ನಾಕು ಮಾತು ಹೇಳ್ರಿ ಸರ, ಆದರ ಉದ್ದ ಮಾಡಬ್ಯಾಡ್ರಿ, ಊಟ ತಡಾ ಆಗ್ತೈತಿ" ಅಂದಿದ್ದಾರೆ. ಅವರ ಮಾತು ನೆನಪಿಟ್ಟುಕೊಂಡೇ ಮಾತಾಡುತ್ತೇವೆ.

ಬೆಳಿಗ್ಗೆ ಇದೇ ಪೆಂಡಾಲಿನಲ್ಲಿ ಪ್ರತಿಭಾ ಪುರಸ್ಕಾರ ನಡೆಯಿತು. ಎಸ್.ಎಸ್.ಎಲ್.ಸಿ.ಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಸದಸ್ಯರ ಮಕ್ಕಳಿಗೆ ಶಾಲು, ಹಾರ, ಒಂದು ಸ್ಮರಣಿಕೆ. ನಾವೂ ಚಪ್ಪಾಳೆ ಹೊಡೆದೆವು. ಆ ಮಕ್ಕಳ ಮನೆಯವರ ಮುಖ ನೋಡಿ ಖರೇನ ಸಂತೋಷ ಆಯಿತು. ಆದರೆ ಮಾಸ್ತರಕಿ ಮಾಡಿದವರ ಮನಸ್ಸು ಒಂದು ನಮೂನಿ ಇರತದ. ವೇದಿಕೆ ಮೇಲೆ ಬಂದವರನ್ನು ಎಣಿಸುವದರ ಜೊತೆಗೆ ಬಾರದವರನ್ನೂ ಎಣಿಸತೊಡಗುತ್ತದೆ. ಹಾಗೆ ಎಣಿಸುತ್ತ ಕುಳಿತಾಗ ನಮಗೆ ಒಬ್ಬ ಹುಡುಗ ನೆನಪಾದ. ಇವತ್ತಿನ ನಮ್ಮ ಭಾಷಣ ಅವನ ದೆಸೆಯಿಂದಲೇ.

ಅವನ ತಂದೆ-ತಾಯಿ ಕಬ್ಬು ಕಡಿಯುವ ಗ್ಯಾಂಗಿನವರು. ಹಂಗಾಮು ಬಂತಂದರೆ ಮನೆಗೆ ಕೀಲಿ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಹೋಗುವವರು. ಹೀಗಾಗಿ ಹುಡುಗ ವರ್ಷದಾಗ ಐದಾರು ತಿಂಗಳು ಸಾಲಿಗೆ ಇರುತ್ತಿರಲಿಲ್ಲ. ಓದಲಿಕ್ಕೆ ತಡವರಿಸುತ್ತಿದ್ದ. ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದ. ನಾವು ಅವನ ಹೆಸರನ್ನು ನಿಧಾನ ಕಲಿಯುವವರ ಯಾದಿಯಲ್ಲಿ ಬರೆದಿದ್ದೆವು. ಒಂದು ದಿನ ಅವನ ತಂದೆ ಕೈಯಲ್ಲಿ ಕಾಟಾ ಚೀಟಿ ಹಿಡಕೊಂಡು ಸಾಲಿಗೆ ಬಂದ. "ಸರ, ಇದನ್ನ ನೋಡ್ರಿ, ನಮ್ಮ ಹುಡುಗ ಲೆಕ್ಕ ತಪ್ಪೈತಿ ಅಂತಾನ, ಗ್ಯಾಂಗಿನ ಮುಖಂಡ ಸರಿ ಐತಿ ಅಂತಾನ" ಅಂದ. ಚೀಟಿ ನೋಡಿದೆವು. ತುಂಬಿದ ಗಾಡಿ 28 ಟನ್ 400 ಕಿಲೋ, ಖಾಲಿ ಗಾಡಿ 9 ಟನ್ 150 ಕಿಲೋ. ಮುಖಂಡನ ಪುಸ್ತಕದಲ್ಲಿ ಕಬ್ಬು 18 ಟನ್ 250 ಕಿಲೋ ಅಂತ ಬರೆದಿತ್ತು. ಹುಡುಗ ಹತ್ತೊಂಬತ್ತು ಅಂದಿದ್ದ. ಹುಡುಗಂದೇ ಸರಿ. ಅಷ್ಟೇ ಅಲ್ಲ, ಆ ಒಂದು ಟನ್ನಿನ ಮಜೂರಿ ಗ್ಯಾಂಗಿನ ಎಷ್ಟು ಜೋಡಿಗೆ ಎಷ್ಟೆಷ್ಟು ಕಡಿಮೆ ಬಂತು ಅನ್ನುವದನ್ನೂ ಬಾಯಿಲೆಕ್ಕದಲ್ಲಿ ಹೇಳಿದ. ಪಾಟಿ ಮುಟ್ಟಲಿಲ್ಲ. ಆಗ ಅವನು ಐದನೇ ಇಯತ್ತೆ.

ಅವತ್ತು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ನವೋದಯ ಪರೀಕ್ಷೆಗೆ ಕೂಡಿಸಬೇಕಾಗಿತ್ತಲ್ರೀ ಇವನ್ನ" ಅಂತ ಒಬ್ಬರು ಅಂದರು. ಕಡೆಯ ತಾರೀಖು ಹೋಗಿ ತಿಂಗಳಾಗಿತ್ತು. ಫಾರ್ಮು ತುಂಬುವಾಗ ಯಾದಿ ಮಾಡಿದವರು ನಾವೇ. ಚೊಕ್ಕ ಓದುವ, ಅಚ್ಚುಕಟ್ಟಾಗಿ ಬರೆಯುವ, ಮನೆಯವರು ಬಂದು ಕೇಳುವ ಮಕ್ಕಳ ಹೆಸರನ್ನೇ ಹಾಕಿದ್ದೆವು. ಈ ಹುಡುಗ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ನವೋದಯ ಅಂದರೆ ಏನು ಅನ್ನುವದು ಇಲ್ಲಿ ಬಹಳ ಮಂದಿಗೆ ಗೊತ್ತು, ಗೊತ್ತಿಲ್ಲದವರ ಸಲುವಾಗಿ ಹೇಳುತ್ತೇವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಜಿಲ್ಲೆಗೊಂದು ಅಂತ ಜವಾಹರ ನವೋದಯ ವಿದ್ಯಾಲಯಗಳನ್ನು ತೆರೆದರು. ಹಳ್ಳಿಯ ಬುದ್ಧಿವಂತ ಮಕ್ಕಳಿಗೆ ಊಟ, ವಸತಿ, ಪುಸ್ತಕ ಕೊಟ್ಟು ಕಲಿಸುವ ಸಾಲಿ. ನಮ್ಮ ಜಿಲ್ಲೆಯದು ಚಿಕ್ಕೋಡಿ ತಾಲೂಕಿನ ಕೊಥಳಿಯಲ್ಲಿದೆ. ಐದನೇ ಇಯತ್ತೆಯಲ್ಲಿದ್ದಾಗ ಪರೀಕ್ಷೆ, ಆರನೇದಕ್ಕೆ ಪ್ರವೇಶ. ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆ, 100 ಅಂಕ, ಎರಡು ತಾಸು. ಅದರಲ್ಲಿ ಅರ್ಧದಷ್ಟು, 40 ಪ್ರಶ್ನೆ, ಬುದ್ಧಿಶಕ್ತಿಯವು. ಚಿತ್ರ ನೋಡಿ ಹೊಂದಿಸುವದು, ಬೇರೆಯಾದದ್ದನ್ನು ಹುಡುಕುವದು ಇಂಥವು. ಉಳಿದದ್ದು ಲೆಕ್ಕ ಮತ್ತು ಭಾಷೆ. ಕಾಟಾ ಚೀಟಿ ಹುಡುಗನಿಗೆ ಹೇಳಿ ಮಾಡಿಸಿದಂಥ ಪರೀಕ್ಷೆ. ಸಾಲಿಗೆ 80 ಸೀಟು. ಅದರಲ್ಲಿ ಕನಿಷ್ಠ ನೂರಕ್ಕೆ 75 ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಆರನೇದರ ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ತಪ್ಪಿದರೆ ತಪ್ಪಿತು.

ಇದಲ್ಲದೆ ನಮ್ಮ ರಾಜ್ಯದ್ದೇ ಆದ ಮೊರಾರ್ಜಿ ದೇಸಾಯಿ, ಕಿತ್ತೂರ ರಾಣಿ ಚನ್ನಮ್ಮ ವಸತಿ ಶಾಲೆಗಳಿವೆ. ಅವಕ್ಕೂ ಆರನೇದಕ್ಕೆ ಪ್ರವೇಶ ಪರೀಕ್ಷೆ. ಆದರ್ಶ ವಿದ್ಯಾಲಯಗಳೂ ಇವೆ. ಎಂಟನೇದರಲ್ಲಿ ಎನ್.ಎಂ.ಎಂ.ಎಸ್. ಅನ್ನುವ ಪರೀಕ್ಷೆ. ಅದರ ಮಾತು ಆಮೇಲೆ ಹೇಳುತ್ತೇವೆ, ಅದರಲ್ಲಿ ರೊಕ್ಕದ ವಿಷಯ ಐತಿ. ಹತ್ತನೇದರಲ್ಲಿ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಅಂತ 1963ರಿಂದ ಇತ್ತು, 2021ರ ನಂತರ ಹೊಸ ಆಯ್ಕೆ ನಿಂತುಹೋಗಿದೆ. ಇನ್ನು ಆರನೇದರಿಂದ ಮೇಲಿನ ಮಕ್ಕಳು ಹೊಸದೊಂದು ಉಪಾಯ ಹೊಳೆಸಿ ಬರೆದು ಕಳಿಸಿದರೆ, ಆರಿಸಿ ಬಂದವರಿಗೆ 10,000 ರೂಪಾಯಿ ಕೊಡುವ ಇನ್‌ಸ್ಪೈರ್ ಪ್ರಶಸ್ತಿ ಇದೆ. ಇದಕ್ಕೆ ಅಂಕ ಕೇಳುವದಿಲ್ಲ. ಹಾಡು, ಭಾಷಣ, ಚಿತ್ರಕ್ಕೆ ಪ್ರತಿಭಾ ಕಾರಂಜಿ. ಶ್ರೀಕೃಷ್ಣ ಪಾರಿಜಾತ ಕಟ್ಟಿದ ಕುಳಗೋಡ ತಮ್ಮಣ್ಣನ, ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ನಾಡು ನಮ್ಮ ಮೂಡಲಗಿ ಸೀಮೆ. ಈ ಭಾಗದ ಮಕ್ಕಳು ಕಾರಂಜಿಯಲ್ಲಿ ಬಹುಮಾನ ತರುವದರಲ್ಲಿ ಆಶ್ಚರ್ಯ ಇಲ್ಲ.

ಅಂದರೆ ಸರಕಾರ ಏನೂ ಮಾಡಿಲ್ಲ ಅನ್ನುವ ಹಾಗಿಲ್ಲ. ಬಾಗಿಲು ನಾಕಾರು ಇವೆ. ಆದರೆ ಪ್ರತಿಯೊಂದು ಬಾಗಿಲಿಗೂ ಮಗುವೇ ಹೋಗಿ ಕದ ತಟ್ಟಬೇಕು. ಫಾರ್ಮು ತುಂಬಿದವನಿಗೆ ಪರೀಕ್ಷೆ, ತುಂಬದವನಿಗೆ ಏನೂ ಇಲ್ಲ. ಒಂಬತ್ತು-ಹತ್ತು ವರ್ಷದ ಮಗು ತಾನಾಗಿ ಹೋಗಿ ಕದ ತಟ್ಟುತ್ತದೇನು? ತಂದೆ-ತಾಯಿ ತಿಳಿದವರಿದ್ದರೆ ತಟ್ಟುತ್ತಾರೆ. ಇಲ್ಲದಿದ್ದರೆ ಮಾಸ್ತರ ಅಥವಾ ಅಕ್ಕೋರು ತಟ್ಟಬೇಕು. ನಮ್ಮ ಕಣ್ಣು ಎಷ್ಟು ಚಲೋ ಅನ್ನುವದನ್ನು ಈಗಷ್ಟೇ ಹೇಳಿದೆವು.

ಈ ಮಾತು ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1921ರಲ್ಲಿ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಭಾರೀ ಬುದ್ಧಿವಂತ ಮಕ್ಕಳನ್ನು ಹುಡುಕಿ, ಅವರ ಆಯುಷ್ಯದುದ್ದಕ್ಕೂ ಅಭ್ಯಾಸ ಮಾಡಬೇಕೆಂದು ಹೊರಟರು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿದರು. ಆಗ ಪರೀಕ್ಷೆಗೆ ಕುಳಿತು, ಅಂಕ ಸಾಲದೆಂದು ಬಿಟ್ಟುಹೋದ ಹುಡುಗರಲ್ಲಿ ಇಬ್ಬರು ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಬಹುಮಾನ ತೆಗೆದುಕೊಂಡರು. ಶಾಕ್ಲಿ 1956ರಲ್ಲಿ, ಆಲ್ವಾರೆಜ್ 1968ರಲ್ಲಿ. ಆರಿಸಿ ಬಂದ ಅಷ್ಟೂ ಮಂದಿಯಲ್ಲಿ ನೊಬೆಲ್ ಪಡೆದವರು ಒಬ್ಬರೂ ಇಲ್ಲ. ದೊಡ್ಡ ದೊಡ್ಡ ಪಂಡಿತರ ಜರಡಿಯಲ್ಲೂ ಕಾಳು ಸೋರಿಹೋಗುತ್ತದೆ ಅಂದಮೇಲೆ ನಮ್ಮಂಥ ಕನ್ನಡ ಸಾಲಿ ಮಾಸ್ತರರ ಪಾಡೇನು!

ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಅದೇ ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಅನ್ನುವ ಕೌಂಟಿಯಲ್ಲಿ, ಬುದ್ಧಿವಂತ ಮಕ್ಕಳಿಗೆ ವಿಶೇಷ ಪಾಠ ಕೊಡುತ್ತಿದ್ದರು. ಯಾರು ಬುದ್ಧಿವಂತರು ಅಂತ ಮೊದಲಿಗೆ ಶಿಕ್ಷಕರು, ಪಾಲಕರು ಹೇಳಬೇಕಾಗಿತ್ತು. ಆಮೇಲೆ ಪರೀಕ್ಷೆ. ಹೀಗಾಗಿ ಉಳ್ಳವರ ಮಕ್ಕಳೇ ಹೆಚ್ಚು ಆರಿಸಿ ಬರುತ್ತಿದ್ದರು. 2005ರ ಸುಮಾರಿಗೆ ರೂಢಿ ಬದಲು ಮಾಡಿ, ಎರಡನೇ ಇಯತ್ತೆಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಯಾರನ್ನೂ ಬಿಡಲಿಲ್ಲ. ಆಗ ಬಡವರ ಮನೆಯಿಂದ, ಕರಿಯರ ಮನೆಯಿಂದ, ಮನೆಯಲ್ಲಿ ಇಂಗ್ಲಿಷ್ ಆಡದವರ ಮನೆಯಿಂದ ಎಷ್ಟೋ ಹೊಸ ಮಕ್ಕಳು ಸಿಕ್ಕರು. ಕೆಲವು ವರ್ಷದ ಮೇಲೆ ಖರ್ಚಿಗೆ ಕತ್ತರಿ ಬಿದ್ದು ಆ ಪರೀಕ್ಷೆ ನಿಂತಿತು. ಮತ್ತೆ ಮೊದಲಿನ ಹಾಗೇ ಆಯಿತು. ಮಕ್ಕಳು ಅವರೇ, ಹುಡುಕುವ ಪದ್ಧತಿ ಮಾತ್ರ ಬೇರೆ.

ಇದು ನಮ್ಮ ಹೈನದ ತಾಯಂದಿರಿಗೆ ಬೇಗ ತಿಳಿಯುತ್ತದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ಹೇಗೆ ನೋಡುತ್ತಾರೆ? "ಯಾರ ಹಾಲು ಗಟ್ಟಿ ಐತಿ ಅವರಷ್ಟೇ ಮುಂದ ಬರ್ರಿ" ಅನ್ನುತ್ತಾರೇನು? ಇಲ್ಲ. ಒಂದು ಲೀಟರ್ ತಂದವಳದೂ ನೋಡುತ್ತಾರೆ, ಹತ್ತು ಲೀಟರ್ ತಂದವನದೂ ನೋಡುತ್ತಾರೆ. ಸಹಕಾರಿ ಪದ್ಧತಿ ಅಂದರೆ ಅದು. ಸಾಲಿಯಲ್ಲಿ ಮಾತ್ರ ನಾವು ಗಟ್ಟಿ ಕಂಡದ್ದನ್ನು ಕರೆದು ಉಳಿದದ್ದನ್ನು ಹಿಂದಕ್ಕೆ ಕಳಿಸಿಬಿಟ್ಟಿದ್ದೇವೆ.

"ಸರ, ಹಿಂದಿನ ಕಾಲದಾಗ ಇವೆಲ್ಲಾ ಪರೀಕ್ಷಾ ಎಲ್ಲಿದ್ದುವು, ಆಗ ಶಾಣ್ಯಾರು ಆಗಲಿಲ್ಲೇನು" ಅಂತ ಯಾರಾದರೂ ಕೇಳಬಹುದು. ಆದರು. ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲೂಕಿನ ಬೆಟಗೇರಿಯವರು, ಬಸವರಾಜ ಕಟ್ಟೀಮನಿಯವರು ಅದೇ ತಾಲೂಕಿನ ಮಲಾಮರಡಿಯವರು. ಇನ್ನು ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು, 1937ರಲ್ಲಿ ಹುಟ್ಟಿದವರು. ಅವರ ಕಥೆಯನ್ನು ಈ ವಿಷಯಕ್ಕಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು. ಬಡತನದ ಮನೆ. ಗೋಕಾವಿಯಲ್ಲಿ ಕಲಿಯುತ್ತಿದ್ದ ಹುಡುಗ ರೊಕ್ಕವಿಲ್ಲದೆ ಸಾಲಿ ಬಿಡಬೇಕಾಯಿತು. ಈ ಸುದ್ದಿ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಕಿವಿಗೆ ಬಿತ್ತು. ಅವರು ಹೈಸ್ಕೂಲಿನ ಖರ್ಚನ್ನೆಲ್ಲ ತಾವೇ ಹೊತ್ತು ಓದಿಸಿದರು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಡಾಕ್ಟರೇಟು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. 2010ನೇ ಸಾಲಿನ ಜ್ಞಾನಪೀಠ. ಜನ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ಒಂದು ಕ್ಷಣ ವಿಚಾರ ಮಾಡಿರಿ. ಆ ಸುದ್ದಿ ಸ್ವಾಮಿಗಳ ಕಿವಿಗೆ ಬೀಳದೆ ಹೋಗಿದ್ದರೆ? ಅದೇ ವರ್ಷ ಅದೇ ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಸಾಲಿ ಬಿಟ್ಟ ಉಳಿದ ಹುಡುಗರ ಸುದ್ದಿ ಯಾರ ಕಿವಿಗೆ ಬಿದ್ದಿತ್ತು? ಅವರ ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಈಗ ಇಲ್ಲ.

ಈಗ ಕ್ಲಾಸಿನೊಳಗಿನ ಮಾತಿಗೆ ಬರುತ್ತೇವೆ. ಶಾಣ್ಯಾ ಮಗು ಸಿಕ್ಕಿತು ಅಂತಿಟ್ಟುಕೊಳ್ಳಿರಿ. ಅದಕ್ಕೆ ನಾವು ಏನು ಕೊಡುತ್ತೇವೆ? ಬೇರೆಯವರನ್ನು ಯಾಕೆ ಅನ್ನಬೇಕು, ನಮ್ಮದೇ ಹೇಳುತ್ತೇವೆ. ಲೆಕ್ಕ ಮೊದಲಿಗೆ ಮುಗಿಸಿದ ಹುಡುಗನಿಗೆ ನಾವು ಕೊಟ್ಟ ಬಹುಮಾನ ಅಂದರೆ ಮಾನಿಟರ್ ಕೆಲಸ. ಗದ್ದಲ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರಿ. ಉಳಿದವರ ಪಾಟಿ ತಿದ್ದು. ಹೋಗಿ ಚಹಾ ಹೇಳಿ ಬಾ. ಇದು ಮೂರು ವರ್ಷ ನಡೆದರೆ ಆ ಹುಡುಗ ಏನು ಕಲಿಯುತ್ತಾನೆ? ಕಾಯುವದನ್ನು ಕಲಿಯುತ್ತಾನೆ. ಇಲ್ಲಾ ಉಡಾಳತನ ಕಲಿಯುತ್ತಾನೆ. ನಾವು ಉಡಾಳ ಅಂತ ಬಾರಿಸಿದ ಹುಡುಗರಲ್ಲಿ ಎಷ್ಟು ಮಂದಿ ಬರೇ ಬ್ಯಾಸರ ಆಗಿ ಕಿತಾಪತಿ ಮಾಡಿದವರಿದ್ದರೋ, ಈಗ ನೆನೆಸಿಕೊಂಡರೆ ಕೆಡಕು ಅನಿಸುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನಲಿ-ಕಲಿ ಬಂದಾಗ ನಾವು ಬಹಳ ಜನ ಮೂಗು ಮುರಿದೆವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸುರುವಾಗಿ, ಮುಂದೆ ರಾಜ್ಯದ ತುಂಬ ಒಂದರಿಂದ ಮೂರನೇ ಇಯತ್ತೆಗೆ ಬಂತು. ಕಾರ್ಡು, ಮೆಟ್ಟಿಲು, ಗುಂಪು ಅಂತ. "ಇದೇನ್ರಿ ಆಟ" ಅಂದೆವು. ಆದರೆ ಅದರಲ್ಲಿ ಒಂದು ಗುಣ ಇತ್ತು. ಮಗು ತನ್ನ ಓಟದಲ್ಲಿ ಮೆಟ್ಟಿಲು ಏರಬಹುದು. ಮುಂದಿದ್ದವನು ಹಿಂದಿನವನ ಸಲುವಾಗಿ ಕಾಯಬೇಕಾಗಿಲ್ಲ. ನಾಲ್ಕನೇದಕ್ಕೆ ಬಂದಕೂಡಲೇ ಆ ಏಣಿ ಕಿತ್ತುಹೋಗಿ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಪಠ್ಯದ ಹೊರಗಿನ ಕೆಲಸ ಕೊಡಬೇಕು, ವಿಷಯವಾರು ಕೂಟಗಳನ್ನು ನಡೆಸಬೇಕು, ಶಿಕ್ಷಕರಿಗೆ ಇದರ ತರಬೇತಿ ಇರಬೇಕು ಅಂತ ಬರೆದಿದ್ದಾರೆ. ಕಾಗದದ ಮೇಲೆ ಚಲೋ ಐತಿ. ಇಬ್ಬರೇ ಶಿಕ್ಷಕರಿರುವ ಸಾಲಿಯಲ್ಲಿ ಅದನ್ನು ಯಾರು ಮಾಡಬೇಕು ಅನ್ನುವದು ಬೇರೆ ಪ್ರಶ್ನೆ.

ಹಾಗಾಗಿ ಸರಕಾರಿ ಸಾಲಿ ಶಾಣ್ಯಾ ಮಗುವಿಗೆ ಮಾಡುವ ದೊಡ್ಡ ಉಪಕಾರ ಅಂದರೆ ಅದನ್ನು ಬೇರೆ ಸಾಲಿಗೆ ಕಳಿಸುವದು. ಇದರ ಬಗ್ಗೆ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. ವಸತಿ ಶಾಲೆಗೆ ಹೋದ ಮಗು ಬೆಳೆಯುತ್ತದೆ, ಅದು ಖರೆ. ಉಳಿದ ಮಕ್ಕಳಿಗೆ ಮುಂದೆ ಓಡುವ ಒಬ್ಬ ಗೆಳೆಯ ಇಲ್ಲದಂತಾಗುತ್ತದೆ, ಅದೂ ಖರೆ. ಮತ್ತೆ ಹತ್ತು ವರ್ಷದ ಹೆಣ್ಣುಮಗಳನ್ನು ದೂರ ಕಳಿಸಲು ಮನೆಯವರ ಮನಸ್ಸು ಒಪ್ಪುವದಿಲ್ಲ. ಆಕೆ ಪಾಸಾದರೂ "ಬ್ಯಾಡ್ರಿ ಸರ, ಇಲ್ಲೇ ಇರಲಿ" ಅನ್ನುವ ತಾಯಂದಿರನ್ನು ನಾವು ಕಂಡಿದ್ದೇವೆ. ಕೆಲವರು "ಕೋಚಿಂಗ್ ಕ್ಲಾಸಿಗೆ ಹಾಕಿದವರ ಮಕ್ಕಳೇ ಆರಿಸಿ ಬರ್ತಾರ, ನಮ್ಮವು ಎಲ್ಲಿ" ಅಂತ ಪರೀಕ್ಷೆಗೇ ಕಳಿಸುವದಿಲ್ಲ. ಕೋಚಿಂಗಿನ ಮಾತಿನಲ್ಲಿ ಹುರುಳಿದೆ. ಜಾಣತನ ಅಳೆಯಬೇಕಾದ ಪರೀಕ್ಷೆ ಫೀ ತುಂಬುವ ಶಕ್ತಿಯನ್ನೂ ಅಳೆಯತೊಡಗಿದೆ. ಆದರೆ ಅದು ಪರೀಕ್ಷೆಗೆ ಕುಳ್ಳಿರಿಸದೆ ಇರಲು ಕಾರಣ ಆಗಬಾರದು.

ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಬರುವ ಜಿಲ್ಲೆ, 2017 ಮತ್ತು 2018ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ರಾಜ್ಯಕ್ಕೆ ಮೂರನೇದಾಗಿತ್ತು. ಅದಕ್ಕಾಗಿ ದುಡಿದ ಶಿಕ್ಷಕರಿಗೆ ನಮಸ್ಕಾರ. ಆದರೂ ಪಾಸು ಮಾಡಿಸುವದು ಒಂದು ಕೆಲಸ, ಶಾಣ್ಯಾನನ್ನು ಹುಡುಕುವದು ಇನ್ನೊಂದು ಕೆಲಸ. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿ ಆಗುವದಿಲ್ಲ.

ಇನ್ನು ರೊಕ್ಕದ ವಿಷಯ. ಎನ್.ಎಂ.ಎಂ.ಎಸ್. ಅಂದರೆ ಎಂಟನೇ ಇಯತ್ತೆಯಲ್ಲಿ ಬರೆಯುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆ. 2008ರಲ್ಲಿ ಸುರುವಾಯಿತು. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವರಮಾನ ಮೂರೂವರೆ ಲಕ್ಷದ ಒಳಗಿರಬೇಕು, ಏಳನೇದರಲ್ಲಿ ನೂರಕ್ಕೆ 55 ಅಂಕ ಇರಬೇಕು, ಪರಿಶಿಷ್ಟರಿಗೆ ಐದು ಕಡಿಮೆ. 90 ಪ್ರಶ್ನೆ ಬುದ್ಧಿಶಕ್ತಿ, 90 ಪ್ರಶ್ನೆ ಪಾಠದ್ದು. ಪಾಸಾದರೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೇದರ ತನಕ. ನಾಲ್ಕು ವರ್ಷಕ್ಕೆ 48,000. ಸುಮ್ಮನೆ ಅಲ್ಲ. ಒಂದು ಹೆಣ್ಣುಮಗಳ ಮದುವೆಯನ್ನು ನಾಲ್ಕು ವರ್ಷ ಮುಂದಕ್ಕೆ ಹಾಕುವಷ್ಟು ರೊಕ್ಕ ಅದು.

ಆದರೆ ಇಲ್ಲೊಂದು ತೂತು ಇದೆ. ಪ್ರತಿ ವರ್ಷ ಕಂಪ್ಯೂಟರಿನಲ್ಲಿ ನವೀಕರಣ ಮಾಡಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ರೊಕ್ಕ ನಿಲ್ಲುತ್ತದೆ. ನಮಗೆ ಗೊತ್ತಿದ್ದ ಒಬ್ಬ ಹುಡುಗಿ, ವಿಧವೆಯ ಮಗಳು, ಈ ಪರೀಕ್ಷೆ ಪಾಸಾದಳು. ಒಂಬತ್ತನೇದರಲ್ಲಿ ರೊಕ್ಕ ಬಂತು. ಹತ್ತನೇದರಲ್ಲಿ ನವೀಕರಣ ಮಾಡಬೇಕು ಅಂತ ಆಕೆಗೆ ಯಾರೂ ಹೇಳಲಿಲ್ಲ. ಸಾಲಿಯವರು ಪಾಲಕರು ಮಾಡುತ್ತಾರೆ ಅಂದುಕೊಂಡರು. ತಾಯಿ ಸಾಲಿಯವರು ಮಾಡುತ್ತಾರೆ ಅಂದುಕೊಂಡಳು. ರೊಕ್ಕ ನಿಂತಿತು. ಪಿ.ಯು.ಸಿ.ಗೆ ಸೈನ್ಸ್ ತಗೋಬೇಕು ಅಂದವಳು ಕಾಲೇಜಿಗೇ ಹೋಗಲಿಲ್ಲ. ನಾವು ಈ ಸುದ್ದಿ ಕೇಳಿದ್ದು ಆಕೆಯ ಲಗ್ನಪತ್ರಿಕೆ ಕೈಗೆ ಬಂದಾಗ.

ಈಗ ಸಂಘಕ್ಕೆ ಒಂದು ವಿನಂತಿ. ಬುದ್ಧಿ ಹೇಳುವದಲ್ಲ, ವಿನಂತಿ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಸಾವಕಾರನ ಬಾಗಿಲಿಗೆ ಹೋಗಲಾರದ ರೈತನ ಬಾಗಿಲಿಗೆ ಸಾಲ ಬಂತು. ನಮ್ಮ ಹುಕ್ಕೇರಿಯಲ್ಲಿ 1969ರಿಂದ ಕರೆಂಟನ್ನೂ ಸಹಕಾರಿ ಸಂಘವೇ ಹಳ್ಳಿಗಳಿಗೆ ಹಂಚಿತು. ಕರೆಂಟು ಹಂಚಿದ ಸೀಮೆಯವರಿಗೆ ಒಂದು ಫಾರ್ಮು ಹಂಚುವದು ಭಾರವೇನು?

ನಮ್ಮ ಬೇಡಿಕೆ ಸಣ್ಣದು. ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಇದೆ, ಇಂಟರ್‌ನೆಟ್ ಇದೆ, ಬರೆಯಬಲ್ಲ ಹುಡುಗರಿದ್ದಾರೆ. ಊರಿನ ಐದನೇ ಇಯತ್ತೆಯ ಪ್ರತಿಯೊಂದು ಮಗುವಿನ ನವೋದಯ ಮತ್ತು ಮೊರಾರ್ಜಿ ಫಾರ್ಮನ್ನು ಸಂಘವೇ ತುಂಬಿಸಬೇಕು. ಶಾಣ್ಯಾ ಇದ್ದವರದು ಅಷ್ಟೇ ಅಲ್ಲ. ಓದಲು ಬರುತ್ತದೋ ಇಲ್ಲವೋ ನೋಡಬಾರದು. ಸದಸ್ಯರ ಮಕ್ಕಳು, ಸದಸ್ಯರಲ್ಲದವರ ಮಕ್ಕಳು ಅಂತಲೂ ನೋಡಬಾರದು. ಎಂಟನೇದರಲ್ಲಿ ಅರ್ಹತೆ ಇದ್ದ ಎಲ್ಲರಿಗೂ ಎನ್.ಎಂ.ಎಂ.ಎಸ್. ಫಾರ್ಮು. ಪಾಸಾದವರ ಹೆಸರಿಗೆ ಒಂದು ರಜಿಸ್ಟರ್ ಇಡಬೇಕು. ಸಾಲದ ಕಂತು ತಪ್ಪಿದರೆ ಹೇಗೆ ಮನೆಗೆ ನೋಟೀಸು ಹೋಗುತ್ತದೋ, ಹಾಗೆ ನವೀಕರಣದ ತಾರೀಖು ಹತ್ತಿರ ಬಂದರೆ ಆ ಮನೆಗೆ ಒಬ್ಬ ಮನುಷ್ಯ ಹೋಗಬೇಕು. ಪರೀಕ್ಷೆಯ ದಿವಸ ಕೇಂದ್ರಕ್ಕೆ ಹೋಗಲು ಒಂದು ಗಾಡಿ. ಇದಕ್ಕೆಲ್ಲ ತಗಲುವ ಖರ್ಚು ಇವತ್ತಿನ ಪೆಂಡಾಲಿನ ಬಾಡಿಗೆಗಿಂತ ಹೆಚ್ಚಾಗಲಾರದು. ಪಾಠ ಹೇಳಿಕೊಡಲು ನಾವು ನಿವೃತ್ತರು ಐದಾರು ಜನ ಇದ್ದೇವೆ. ಶನಿವಾರ ಮಧ್ಯಾಹ್ನ, ರವಿವಾರ ಮುಂಜಾನೆ ಸಂಘದ ಗೋದಾಮಿನ ಪಡಸಾಲೆ ಕೊಟ್ಟರೆ ಸಾಕು. ಪಗಾರ ಬೇಡ, ಚಹಾ ಇದ್ದರೆ ನಡೀತದ.

ಕಬ್ಬಿನ ಗ್ಯಾಂಗಿನ ಮಕ್ಕಳನ್ನು ಮರೆಯಬಾರದು. ಹಂಗಾಮಿಗೆ ಹೊರಡುವ ಮೊದಲೇ ಅವರ ಹೆಸರು ಯಾದಿಯಲ್ಲಿ ಬರಬೇಕು. ಪರೀಕ್ಷೆಯ ತಾರೀಖಿಗೆ ಅವರನ್ನು ಕರೆತರುವ ಹೊಣೆಯನ್ನು ಮುಖಂಡನ ಮೇಲೆ ಹಾಕಬೇಕು. ಮುಂಗಡ ಕೊಡುವಾಗ ಮಾತಾಡಿದರೆ ಅವನು ಕೇಳುತ್ತಾನೆ.

ಕಾಟಾ ಚೀಟಿಯ ಹುಡುಗನ ಸುದ್ದಿ ಹೇಳದೆ ಬಿಟ್ಟೆವು. ಅವನಿಗೆ ಈಗ ಮೂವತ್ತು ದಾಟಿದೆ. ಏಳನೇದಕ್ಕೆ ಸಾಲಿ ಬಿಟ್ಟ. ನಮ್ಮ ಸಂಘದ ಸಾಲದಲ್ಲೇ ಟ್ರ್ಯಾಕ್ಟರ್ ತಗೊಂಡಿದ್ದಾನೆ, ಒಂದು ಕಂತೂ ತಪ್ಪಿಸಿಲ್ಲ. ಸುಖವಾಗಿದ್ದಾನೆ, ಅದರಲ್ಲಿ ಸಂಶಯ ಇಲ್ಲ. ಮೊನ್ನೆ ಸಿಕ್ಕಾಗ ಈ ಭಾಷಣದ ಸುದ್ದಿ ತೆಗೆದು, "ನಿನ್ನ ಫಾರ್ಮು ತುಂಬಲಿಲ್ಲಪಾ ನಾವು" ಅಂದೆವು. ಅವನು ನಕ್ಕು, "ಅದಿರಲಿ ಸರ, ನಮ್ಮ ಮಗಳು ಈ ವರ್ಷ ಐದನೇದಕ್ಕ ಅದಾಳ" ಅಂದ. ಅವನು ಇಲ್ಲೇ ಹಿಂದೆ ನಿಂತಿದ್ದಾನೆ.

ಸಭೆ ಮುಗಿದ ಮೇಲೆ ಐದನೇ ಮತ್ತು ಎಂಟನೇ ಇಯತ್ತೆ ಮಕ್ಕಳ ತಾಯಿ-ತಂದೆ ಊಟಕ್ಕೆ ಏಳುವ ಮುಂಚೆ ಸ್ವಲ್ಪ ಈ ಕಡೆ ಬರ್ರಿ. ಮಗುವಿನ ಆಧಾರ್ ನಂಬರು, ಹುಟ್ಟಿದ ತಾರೀಖು, ಸಾಲಿಯಲ್ಲಿ ಬರೆಸಿದ ಹೆಸರು ಇವಿಷ್ಟು ಬೇಕು. ಫೋಟೋ ಆಮೇಲೆ ಕೊಟ್ಟರೂ ನಡೀತದ. ಹೆಸರು ಬರಕೊಳ್ಳಲಿಕ್ಕೆ ನಾವು ವಹಿ ತಂದೇವಿ.